ನಡೆಯಬಹುದು, ಈಜಬಹುದು, ಸೀಯಾಳ ಮಾತ್ರ ಕುಡಿಯುವ ಹಾಗಿಲ್ಲ: ಬಿಕಿನಿ ದ್ವೀಪದ ಮಣ್ಣಿಗೆ ಏನಾಗಿದೆ?

ತೋಟದಮನೆ (ಪುತ್ತೂರು)
ಎಲ್ಲರಿಗೂ ನಮಸ್ಕಾರ. ನಮ್ಮದು ಅಡಿಕೆ, ತೆಂಗು. ಈ ವೇದಿಕೆಯಲ್ಲಿ ನಾನು ಸಾಮಾನ್ಯವಾಗಿ ಕೊಳೆರೋಗ, ಮಂಗನ ಕಾಟ ಅಂತಲೇ ಬರೆಯುವವನು. ಇವತ್ತಿನ ಪ್ರಶ್ನೆ ಸ್ವಲ್ಪ ದೂರದ್ದು.

ಮಗಳು ಕಾಲೇಜಿನ ಪ್ರಾಜೆಕ್ಟಿಗೆ ಅಂತ ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದ ಬಗ್ಗೆ ಓದುತ್ತಿದ್ದಾಳೆ. ಮಾರ್ಷಲ್ ದ್ವೀಪಗಳಲ್ಲಿ ಅಮೆರಿಕದವರು ಅಣುಬಾಂಬ್ ಪರೀಕ್ಷೆ ಮಾಡಿದ ಜಾಗ. ಅವಳು ಒಂದು ಫೋಟೋ ತೋರಿಸಿದಳು. ಸಾಲು ಹಿಡಿದು ನೆಟ್ಟ ತೆಂಗು, ಗೊನೆ ತುಂಬ ಕಾಯಿ. ನೋಡಿದರೆ ನಮ್ಮ ಕೆಳಗಿನ ತೋಟದ ಹಾಗೇ ಇದೆ. ಆದರೆ ಆ ಕಾಯಿಯನ್ನು ಊಟಕ್ಕೆ ಬಳಸಬೇಡಿ ಅನ್ನುತ್ತಾರಂತೆ.

ನನ್ನ ತಲೆಗೆ ಹೋಗದ ವಿಷಯ ಇದು. ಅಲ್ಲಿ ನಡೆದಾಡಬಹುದಂತೆ. ಪ್ರವಾಸಿಗಳು ಮುಳುಗಿದ ಹಡಗು ನೋಡಲು ಡೈವಿಂಗ್ ಮಾಡುತ್ತಾರಂತೆ. ಮೀನು ತಿಂದರೂ ಅಂಥ ತೊಂದರೆ ಇಲ್ಲವಂತೆ. ತೆಂಗಿನಕಾಯಿಗೆ ಮಾತ್ರ ಯಾಕೆ ಈ ಗತಿ? ಮಣ್ಣಿನ ಮೇಲೆ ನಿಂತವನಿಗೆ ಆಗದ್ದು ಸೀಯಾಳ ಕುಡಿದವನಿಗೆ ಹೇಗೆ ಆಗುತ್ತದೆ? ತಿಳಿದವರು ಹೇಳಿ.

ಮೆಟ್ರೋ ಮಂಜ
ಬಿಕಿನಿ ಅಂದ್ರೆ ಈಜುಡುಗೆ ಅಲ್ವಾ 😀 ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಅನಂತು (ಅರ್ಕಾನ್ಸಾ)
ಇದೆ ಮಂಜ. ಅಲ್ಲಿ ಮೊದಲ ಬಾಂಬ್ ಸಿಡಿದದ್ದು 1946ರ ಜುಲೈ 1ರಂದು. ನಾಲ್ಕೇ ದಿನದಲ್ಲಿ ಪ್ಯಾರಿಸಿನಲ್ಲಿ ಒಬ್ಬ ತನ್ನ ಹೊಸ ಉಡುಪಿಗೆ ಅದೇ ಹೆಸರಿಟ್ಟ. ಪೇಪರಿನಲ್ಲಿ ಓಡುತ್ತಿದ್ದ ಹೆಸರು, ಬಳಸಿಕೊಂಡ. ಅಷ್ಟು ಹೊತ್ತಿಗೆ ಆ ಊರಿನ 167 ಜನ ಮನೆಮಠ ಬಿಟ್ಟು ಬೇರೆ ದ್ವೀಪದಲ್ಲಿ ಕೂತಿದ್ದರು.

ಕಪ್ಪುನೆಲ (ಧಾರವಾಡ)
ತೋಟದಮನೆಯವರೇ, ಒಳ್ಳೆ ಪ್ರಶ್ನೆ. ಮೂವತ್ತು ವರ್ಷ ಮಣ್ಣಿನ ಪಾಠ ಹೇಳಿದವನು ನಾನು. ಉತ್ತರ ನಿಮ್ಮ ಗೊಬ್ಬರದ ಕೊಟ್ಟಿಗೆಯಲ್ಲೇ ಇದೆ ನೋಡ್ರಿ. ತೆಂಗಿಗೆ ವರ್ಷಕ್ಕೆ ಪೊಟ್ಯಾಷ್ ಎಷ್ಟು ಹಾಕುತ್ತೀರಿ?

ತೋಟದಮನೆ (ಪುತ್ತೂರು)
ಶಿಫಾರಸು ಇರುವುದು ಮರಕ್ಕೆ 2 ಕಿಲೋ ಎಂಒಪಿ (ಪೊಟ್ಯಾಷ್ ಗೊಬ್ಬರ), ಎರಡು ಕಂತಿನಲ್ಲಿ. ರೇಟು ಏರಿದ ಮೇಲೆ ಒಂದೂವರೆ ಹಾಕುವುದೂ ಉಂಟು. ತೆಂಗಿಗೆ ಸಾರಜನಕಕ್ಕಿಂತ ಪೊಟ್ಯಾಷೇ ಜಾಸ್ತಿ ಬೇಕು. ಕಡಿಮೆಯಾದರೆ ಹಳೆ ಗರಿಯ ತುದಿ ಹಳದಿಯಾಗುತ್ತದೆ.

ಕಪ್ಪುನೆಲ (ಧಾರವಾಡ)
ಹಾಂ, ಅದೇ. ಇನ್ನು ನಿಧಾನಕ್ಕೆ ಓದಿ, ಸ್ವಲ್ಪ ಉದ್ದ ಆಗುತ್ತದೆ.

ಬಾಂಬಿನ ಬೂದಿಯಲ್ಲಿ ಹತ್ತಾರು ವಿಕಿರಣ ವಸ್ತುಗಳಿರುತ್ತವೆ. ಹೆಚ್ಚಿನವು ದಿನಗಳಲ್ಲಿ, ತಿಂಗಳುಗಳಲ್ಲಿ ಸತ್ತುಹೋಗುತ್ತವೆ. ಬಹಳ ಕಾಲ ಉಳಿದು ಆಹಾರಕ್ಕೆ ಬರುವುದರಲ್ಲಿ ಮುಖ್ಯವಾದದ್ದು ಸೀಸಿಯಂ-137. ಸುಮಾರು 30 ವರ್ಷಕ್ಕೆ ಅರ್ಧ ಆಗುತ್ತದೆ. ಈ ಸೀಸಿಯಂ ರಾಸಾಯನಿಕವಾಗಿ ಪೊಟ್ಯಾಷಿಯಂನ ದಾಯಾದಿ. ಬೇರಿಗೆ ಇವೆರಡರ ನಡುವೆ ಸರಿಯಾಗಿ ಗುರುತು ಸಿಗುವುದಿಲ್ಲ.

ನಮ್ಮ ಕಡೆಯ ಹಾಗೆ ಜೇಡಿ ಇರುವ ಮಣ್ಣಿಗೆ ಸೀಸಿಯಂ ಬಿತ್ತು ಅಂತಿಟ್ಟುಕೊಳ್ಳಿ. ಜೇಡಿಯ ಕಣ ಹಪ್ಪಳದ ಅಡಕಲಿನ ಹಾಗೆ, ಪದರ ಪದರ. ಕೆಲವು ಬಗೆಯ ಜೇಡಿಯಲ್ಲಿ ಸೀಸಿಯಂ ಆ ಪದರದ ನಡುವೆ ಹೋಗಿ ಸಿಕ್ಕಿಕೊಳ್ಳುತ್ತದೆ. ಬೇರಿಗೆ ಸುಲಭವಾಗಿ ದಕ್ಕುವುದಿಲ್ಲ.

ಬಿಕಿನಿಯಲ್ಲಿ ಮಣ್ಣೇ ಬೇರೆ. ಅದು ಹವಳದ ಪುಡಿ, ಅಂದರೆ ಹೆಚ್ಚುಕಮ್ಮಿ ಬರೀ ಸುಣ್ಣ. ಮೇಲೆ ಒಂದು ಮೊಳಕ್ಕೂ ಕಡಿಮೆ ಕಪ್ಪು ಮಣ್ಣು, ಎಲೆ ಕೊಳೆತು ಆದದ್ದು. ಜೇಡಿ ಇಲ್ಲವೇ ಇಲ್ಲ ಅನ್ನಬಹುದು. ಆದ್ದರಿಂದ ಸೀಸಿಯಂ ಅನ್ನು ಹಿಡಿದಿಡುವವರು ಯಾರೂ ಇಲ್ಲ. ಎರಡನೆಯದು, ಹವಳದ ಮಣ್ಣಲ್ಲಿ ಪೊಟ್ಯಾಷಿಯಂ ಬಹಳ ಕಡಿಮೆ. ಮರ ಹಸಿದು ಕೂತಿದೆ. ಬೇರಿಗೆ ಪೊಟ್ಯಾಷಿನ ಹಾಗೆ ಕಾಣುವ ಏನೋ ಸಿಕ್ಕಿತು, ಎಳೆದುಕೊಂಡಿತು, ಎಳನೀರಿಗೂ ಕೊಬ್ಬರಿಗೂ ಕಳಿಸಿತು. ಮರಕ್ಕೇನೂ ಆಗುವುದಿಲ್ಲ. ಕಾಯಿ ಚೆನ್ನಾಗಿಯೇ ಬರುತ್ತದೆ. ನೀವು ಫೋಟೋದಲ್ಲಿ ನೋಡಿದ್ದು ಅದೇ.

ಸ್ಟ್ರಾನ್ಷಿಯಂ-90 ಅಂತ ಇನ್ನೊಂದಿದೆ. ಅದು ಕ್ಯಾಲ್ಸಿಯಂನ ದಾಯಾದಿ. ಆದರೆ ಅಲ್ಲಿ ನೆಲವೆಲ್ಲ ಕ್ಯಾಲ್ಸಿಯಂ! ಮರಕ್ಕೆ ಕ್ಯಾಲ್ಸಿಯಂ ಹೊಟ್ಟೆ ತುಂಬ ಸಿಗುವುದರಿಂದ ಸ್ಟ್ರಾನ್ಷಿಯಂ ಒಳಗೆ ಹೋಗುವುದು ಕಡಿಮೆ. ಒಂದೇ ಮಣ್ಣು ಒಂದನ್ನು ತಡೆಯಿತು, ಇನ್ನೊಂದಕ್ಕೆ ಬಾಗಿಲು ತೆರೆಯಿತು.

ಪ್ಲುಟೋನಿಯಂ ಗಿಡದೊಳಗೆ ಹೋಗುವುದು ತೀರ ಕಡಿಮೆ. ಅದರ ಅಪಾಯ ಧೂಳಿನಲ್ಲಿ. ಇನ್ನು ಮೀನು: ಸಮುದ್ರದ ನೀರಲ್ಲಿ ಪೊಟ್ಯಾಷಿಯಂ ಧಾರಾಳ, ಮೇಲಾಗಿ ಸೀಸಿಯಂ ಅಷ್ಟು ನೀರಲ್ಲಿ ಕರಗಿ ತೆಳುವಾಗುತ್ತದೆ.

ಸುಮಾ ಎಂ
ಇಷ್ಟು ಚೆನ್ನಾಗಿ ನನ್ನ ಎಂಎಸ್ಸಿ ಮೇಷ್ಟ್ರೂ ಹೇಳಿರಲಿಲ್ಲ! ಒಂದು ಸೇರಿಸುತ್ತೇನೆ. ನಿಂತವನಿಗೂ ತಿಂದವನಿಗೂ ವ್ಯತ್ಯಾಸ ಯಾಕೆ ಅಂದರೆ, ನೆಲದಿಂದ ಬರುವ ಕಿರಣ ನಾವು ದೂರ ಹೋದ ಹಾಗೆ ಕಡಿಮೆ, ಅಲ್ಲಿ ನಿಲ್ಲುವ ಹೊತ್ತು ಕಡಿಮೆಯಾದರೂ ಕಡಿಮೆ. ಹೊಟ್ಟೆಗೆ ಹೋದದ್ದು ಮಾಂಸಖಂಡದಲ್ಲಿ ಸೇರಿಕೊಂಡು ಒಳಗಿಂದಲೇ ಸುಡುತ್ತಿರುತ್ತದೆ. ದೊಡ್ಡವರ ದೇಹದಿಂದ ಸೀಸಿಯಂ ಅರ್ಧ ಹೊರಹೋಗಲು ಸುಮಾರು ನೂರು ದಿನ ಬೇಕು. ತಿನ್ನುವುದು ನಿಲ್ಲಿಸಿದರೆ ಇಳಿಯುತ್ತದೆ. ಆದರೆ ಅಲ್ಲಿನ ಜನ ದಿನವೂ ತಿನ್ನುವವರು. ಹೋದದ್ದಕ್ಕಿಂತ ಬಂದದ್ದೇ ಜಾಸ್ತಿ.

ಕಡಲತಡಿ ವಕೀಲ
ತೆಂಗು ಒಂದೇನಾ? ಬೇರೆ ಏನು ಬೆಳೆಯುತ್ತಾರೆ?

ಅನಂತು (ಅರ್ಕಾನ್ಸಾ)
ಕರಾವಳಿಯವರಿಗೆ ಎಲ್ಲಾ ಗೊತ್ತಿರುವ ಗಿಡಗಳೇ. ಜೀಗುಜ್ಜೆ ಅವರ ಮುಖ್ಯ ಊಟ. ಆಮೇಲೆ ಕೇದಗೆಯ ಜಾತಿಯ ಒಂದು ಮರ. ನಮ್ಮಲ್ಲಿ ಅದರ ಹೂವು ಮುಡಿಯುತ್ತಾರೆ, ಎಲೆಯಲ್ಲಿ ಮೂಡೆ ಕಟ್ಟುತ್ತಾರೆ. ಅವರು ಅದರ ಹಣ್ಣನ್ನು ತೊಳೆ ಬಿಡಿಸಿ ಜಗಿದು ರಸ ಹೀರುತ್ತಾರೆ. ಎಲೆಯಿಂದ ಚಾಪೆ ಹೆಣೆಯುತ್ತಾರೆ. ಜೊತೆಗೆ ಕೂವೆಗಡ್ಡೆಯ ಹಾಗೆ ಹಿಟ್ಟು ತೆಗೆಯುವ ಒಂದು ಗಡ್ಡೆ. ತೆಂಗಿನ ಹೊಂಬಾಳೆಯಿಂದ ಇಳಿಸುವ ಸಿಹಿ ರಸಕ್ಕೆ ‘ಜೆಕಾರೊ’ ಅನ್ನುತ್ತಾರೆ. ನಮ್ಮ ನೀರಾ ಅಂತ ತಿಳಿದುಕೊಳ್ಳಿ. ಮರ ಹತ್ತುವ ದೊಡ್ಡ ತೆಂಗಿನ ಏಡಿಯನ್ನೂ ತಿನ್ನುತ್ತಾರೆ. ಆ ಏಡಿ ತಿನ್ನುವುದೂ ತೆಂಗೇ.

ಅಂದರೆ ‘ತೆಂಗು ಬಿಡಿ, ಬೇರೆ ತಿನ್ನಿ’ ಅಂತ ಹೇಳಲು ಬೇರೆ ಅನ್ನುವುದೇ ಇಲ್ಲ. ಹೊರಗಿಂದ ಡಬ್ಬಿ, ಅಕ್ಕಿ, ಮೈದಾ ಬರಬೇಕು.

ನಾನು ಇರುವುದು ಅಮೆರಿಕದ ಅರ್ಕಾನ್ಸಾ ರಾಜ್ಯದಲ್ಲಿ. ಪಕ್ಕದ ಊರು ಸ್ಪ್ರಿಂಗ್‌ಡೇಲ್‌ನಲ್ಲಿ ಮಾರ್ಷಲ್ ದ್ವೀಪದವರು ಸಾವಿರಾರು ಜನ ಇದ್ದಾರೆ. ದೇಶಗಳ ಮಧ್ಯೆ ಒಪ್ಪಂದ ಇರುವುದರಿಂದ ಅವರಿಗೆ ಇಲ್ಲಿ ವೀಸಾ ಬೇಕಿಲ್ಲ. ಹೆಚ್ಚಿನವರು ಕೋಳಿ ಫ್ಯಾಕ್ಟರಿಗಳಲ್ಲಿ ದುಡಿಯುತ್ತಾರೆ. ಇಲ್ಲಿಗೆ ಬಂದು ಮೂರು ವರ್ಷ ನನಗೆ ಅವರು ಯಾರು ಅಂತಲೇ ಗೊತ್ತಿರಲಿಲ್ಲ, ನಾಚಿಕೆಯ ವಿಷಯ. ಒಂದು ಸಲ ಮಾರ್ಚ್ 1ಕ್ಕೆ ಏನೋ ಸಭೆ ನಡೆಯುತ್ತಿತ್ತು. ಕೇಳಿದಾಗ ಗೊತ್ತಾಯಿತು.

ಮೆಟ್ರೋ ಮಂಜ
ಮಾರ್ಚ್ 1ಕ್ಕೆ ಏನು?

ಅನಂತು (ಅರ್ಕಾನ್ಸಾ)
1954ರ ಮಾರ್ಚ್ 1. ಬಿಕಿನಿಯಲ್ಲಿ ‘ಬ್ರಾವೋ’ ಅನ್ನುವ ಹೈಡ್ರೋಜನ್ ಬಾಂಬ್. 15 ಮೆಗಾಟನ್. ಹಿರೋಷಿಮಾದ ಸಾವಿರ ಪಟ್ಟು. ಅವರು ಎಣಿಸಿದ್ದು ಅದರ ಅರ್ಧಕ್ಕೂ ಕಡಿಮೆ. ಬಾಂಬಿನಲ್ಲಿದ್ದ ಒಂದು ಬಗೆಯ ಲಿಥಿಯಂ ಸುಮ್ಮನೆ ಇರುತ್ತದೆ ಅಂದುಕೊಂಡಿದ್ದರು. ಅದೂ ಉರಿಯಿತು.

ಹವಳದ ದಿಬ್ಬವೇ ಪುಡಿಯಾಗಿ ಆಕಾಶಕ್ಕೆ ಹೋಯಿತು. ಕೆಲವು ಗಂಟೆ ಕಳೆದ ಮೇಲೆ ಪೂರ್ವಕ್ಕೆ ನೂರೈವತ್ತು ಕಿಲೋಮೀಟರಿಗೂ ಆಚೆ ಇರುವ ರೊಂಗೆಲಾಪ್ ದ್ವೀಪದ ಮೇಲೆ ಬಿಳಿ ಪುಡಿ ಬೀಳತೊಡಗಿತು. ಜನರಿಗೆ ಯಾರೂ ಏನೂ ಹೇಳಿರಲಿಲ್ಲ. ಮಕ್ಕಳು ಅದರಲ್ಲಿ ಆಡಿದರು. ಕುಡಿಯುವ ಮಳೆನೀರಿನ ತೊಟ್ಟಿಯೊಳಗೂ ಬಿತ್ತು. ರಾತ್ರಿಯ ಹೊತ್ತಿಗೆ ವಾಂತಿ, ಮೈ ಉರಿ. ಆಮೇಲೆ ಕೂದಲು ಉದುರಿತು. ಹಡಗು ಬಂದದ್ದು ಎರಡು ದಿನ ಬಿಟ್ಟು. ಅದೇ ಪುಡಿ ಜಪಾನಿನ ಒಂದು ಮೀನುದೋಣಿಯ ಮೇಲೂ ಬಿತ್ತು, 23 ಜನ ಇದ್ದರು. ಅವರಲ್ಲಿ ಒಬ್ಬರು ಸೆಪ್ಟೆಂಬರಿನಲ್ಲಿ ತೀರಿಕೊಂಡರು.

1946ರಿಂದ 1958ರವರೆಗೆ ಮಾರ್ಷಲ್ ದ್ವೀಪಗಳಲ್ಲಿ ಒಟ್ಟು 67 ಬಾಂಬ್. ಬಿಕಿನಿಯಲ್ಲಿ 23, ಉಳಿದವು ಎನೆವೆಟಕ್ ಅನ್ನುವ ಇನ್ನೊಂದು ಹವಳದ್ವೀಪದ ಕಡೆ.

ಲೆಕ್ಕಪಕ್ಕಾ
ಒಂದು ತಕರಾರು. ಸೀಸಿಯಂ 30 ವರ್ಷಕ್ಕೆ ಅರ್ಧ. 1954ರಿಂದ ಈಗ 70 ವರ್ಷ ದಾಟಿತು. ಅಂದರೆ ಐದರಲ್ಲಿ ಒಂದು ಪಾಲು ಉಳಿದಿದೆ. ಇನ್ನೂ ಹೆದರಿಸುವುದು ಅತಿ ಅಲ್ವಾ? ಈ ವಿಕಿರಣ ಅಂದರೆ ಸಾಕು, ಜನ ದೆವ್ವ ಬಂತು ಅನ್ನುವ ಹಾಗೆ ಮಾಡುತ್ತಾರೆ.

ಕಪ್ಪುನೆಲ (ಧಾರವಾಡ)
ನಿಮ್ಮ ಲೆಕ್ಕ ಸರಿ. ಇನ್ನೂ ನಿಮ್ಮ ಪರವಾಗಿಯೇ ಒಂದು ಮಾತು: ಮಳೆ ಬಂದಾಗ ಸೀಸಿಯಂ ಸ್ವಲ್ಪ ಸ್ವಲ್ಪ ಬೇರಿನ ಆಳದಿಂದ ಕೆಳಗೆ ತೊಳೆದುಹೋಗುತ್ತದೆ. ಅಲ್ಲಿ ವರ್ಷಾನುಗಟ್ಟಲೆ ಕೆಲಸ ಮಾಡಿದ ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದವರು ಎರಡನ್ನೂ ಸೇರಿಸಿ, ಗಿಡದಲ್ಲಿ ಸೀಸಿಯಂ ಸುಮಾರು ಎಂಟೂವರೆ ವರ್ಷಕ್ಕೇ ಅರ್ಧವಾಗುತ್ತದೆ ಅಂತ ಅಂದಾಜು ಮಾಡಿದ್ದಾರೆ.

ಆದರೆ ಐದರಲ್ಲಿ ಒಂದು ಅಂದರೆ ಎಷ್ಟರ ಐದರಲ್ಲಿ ಒಂದು? ಮೊದಲ ರಾಶಿ ಅಷ್ಟು ದೊಡ್ಡದಿತ್ತು. 2019ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದವರು ಉತ್ತರದ ದ್ವೀಪಗಳ ತೆಂಗು, ಕೇದಗೆ ಹಣ್ಣು ಅಳೆದು ಪ್ರಕಟಿಸಿದರು. ಬಹಳ ದ್ವೀಪಗಳಲ್ಲಿ ಪರವಾಗಿಲ್ಲ. ಆದರೆ ಬಿಕಿನಿಯ ಕೆಲವು ಹಣ್ಣು ಹಲವು ದೇಶಗಳ ಆಹಾರದ ಮಿತಿ ಮೀರಿತ್ತು. ಹೆದರಿಸುವುದೂ ತಪ್ಪು, ಏನಿಲ್ಲ ಹೋಗಿ ಅನ್ನುವುದೂ ತಪ್ಪು. ಅಳೆದು ಹೇಳಬೇಕು, ದ್ವೀಪ ದ್ವೀಪಕ್ಕೆ ಬೇರೆ.

ತೋಟದಮನೆ (ಪುತ್ತೂರು)
ಮೇಷ್ಟ್ರೇ, ರಾತ್ರಿಯೆಲ್ಲ ಇದೇ ಯೋಚನೆ. ಮರಕ್ಕೆ ಪೊಟ್ಯಾಷಿನ ಹಸಿವು, ಅದಕ್ಕೇ ಸೀಸಿಯಂ ತಿಂದಿತು ಅಂದಿರಿ. ಹಾಗಾದರೆ ಹೊಟ್ಟೆ ತುಂಬ ಪೊಟ್ಯಾಷೇ ಹಾಕಿಬಿಟ್ಟರೆ?

ಕಪ್ಪುನೆಲ (ಧಾರವಾಡ)
ಭೇಷ್! ಇಷ್ಟು ಹೊತ್ತು ಈ ಪ್ರಶ್ನೆಗೇ ಕಾಯುತ್ತಿದ್ದೆ.

ಲಿವರ್‌ಮೋರಿನವರು ಬಿಕಿನಿಯಲ್ಲಿ ಅದನ್ನೇ ಮಾಡಿದರು. ಮೊದಲು ಬೇರೆ ದಾರಿಗಳನ್ನೂ ನೋಡಿದ್ದರು. ಮಣ್ಣಿಗೆ ನೀರು ಹಾಯಿಸಿ ತೊಳೆಯುವುದು, ಗಿಡ ಬೆಳೆಸಿ ಅದರಿಂದಲೇ ಸೀಸಿಯಂ ಹೀರಿಸಿ ಕಡಿದು ಹಾಕುವುದು. ಹೇಳಿಕೊಳ್ಳುವಂಥ ಫಲ ಇಲ್ಲ. ಆಮೇಲೆ ಪೊಟ್ಯಾಷಿಯಂ ಕ್ಲೋರೈಡ್, ಅಂದರೆ ನಿಮ್ಮ ಎಂಒಪಿ, ಚೆಲ್ಲಿದರು. ತೆಂಗಿನಕಾಯಿಯ ಸೀಸಿಯಂ ಮೊದಲಿದ್ದುದರ ನೂರಕ್ಕೆ ಐದರಿಂದ ಹತ್ತು ಪಾಲಿಗೆ ಇಳಿಯಿತು. ಪರಿಣಾಮ ಹಲವು ವರ್ಷ ಉಳಿಯಿತು. ಮೇಲಾಗಿ ಮರವೂ ಹುಲುಸಾಯಿತು. ಫುಕುಷಿಮಾ ಅಣುಸ್ಥಾವರದ ದುರಂತ ಆದಮೇಲೆ ಜಪಾನಿನವರು ಗದ್ದೆಗೆ ಪೊಟ್ಯಾಷ್ ಹಾಕಿದ್ದೂ ಇದೇ ಲೆಕ್ಕದಲ್ಲಿ.

ಇನ್ನೊಂದು ದಾರಿ ಮೇಲ್ಮಣ್ಣು ಕೆರೆದು ತೆಗೆಯುವುದು. ಸೀಸಿಯಂ ಬಹುಪಾಲು ಅಲ್ಲೇ ಇರುವುದರಿಂದ ಖಂಡಿತ ಕೆಲಸ ಮಾಡುತ್ತದೆ. ಆದರೆ ಆಗಲೇ ಹೇಳಿದೆನಲ್ಲ, ಒಂದು ಮೊಳ ಕಪ್ಪು ಮಣ್ಣು. ಅದೇ ಆ ದ್ವೀಪದ ಅನ್ನದ ತಟ್ಟೆ. ಕೆರೆದರೆ ಉಳಿಯುವುದು ಸುಣ್ಣದ ಹರಳು. ಮತ್ತೆ ಅಷ್ಟು ಮಣ್ಣಾಗಲು ತಲೆಮಾರು ಬೇಕು. ತೆಗೆದ ಮಣ್ಣನ್ನು ಎಲ್ಲಿ ಹಾಕುತ್ತೀರಿ ಅನ್ನುವುದು ಬೇರೆ.

ಅದಕ್ಕೇ ಕೊನೆಗೆ ಬಂದ ಸಲಹೆ ಹೀಗಿತ್ತು: ಮನೆಯ ಸುತ್ತ, ಮಕ್ಕಳು ಆಡುವ ಕಡೆ ಮಣ್ಣು ತೆಗೆದು ಹವಳದ ಜಲ್ಲಿ ಹಾಸಿ, ತೋಟಕ್ಕೆ ಪೊಟ್ಯಾಷ್ ಹಾಕಿ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ 1998ರ ವರದಿಯೂ ಇದ್ದ ಸ್ಥಿತಿಯಲ್ಲಿ ಅಲ್ಲಿನದನ್ನೇ ತಿಂದು ವಾಸ ಮಾಡುವುದು ಬೇಡ ಅಂದು, ಪೊಟ್ಯಾಷಿನ ದಾರಿಯನ್ನೇ ಒಪ್ಪಿತು. ರೊಂಗೆಲಾಪಿನಲ್ಲಿ ಆಮೇಲೆ ಇದೇ ರೀತಿ ಮಾಡಿದರು.

ಲೆಕ್ಕಪಕ್ಕಾ
ಸರಿ ಹಾಗಾದರೆ. ಗೊಬ್ಬರದ ಚೀಲದಲ್ಲೇ ಪರಿಹಾರ ಇದೆ. ಬಿಕಿನಿಯವರು ಯಾಕೆ ವಾಪಸ್ ಹೋಗುತ್ತಿಲ್ಲ?

ಅನಂತು (ಅರ್ಕಾನ್ಸಾ)
ಒಂದು ಸಲ ಹೋಗಿದ್ದರು ಸ್ವಾಮಿ.

1946ರಲ್ಲಿ ಅಮೆರಿಕದ ನೌಕಾಪಡೆಯ ಅಧಿಕಾರಿ ಬಂದು, ಸ್ವಲ್ಪ ಕಾಲ ಜಾಗ ಬಿಟ್ಟುಕೊಡಿ, ಮನುಕುಲದ ಒಳ್ಳೆಯದಕ್ಕೆ ಅಂದ. ಊರಿನ ಮುಖ್ಯಸ್ಥ ಜೂಡಾ ಒಪ್ಪಿದರು. ರೊಂಗೆರಿಕ್ ಅನ್ನುವ ದ್ವೀಪಕ್ಕೆ ಸಾಗಿಸಿದರು. ಅಲ್ಲಿ ಬೆಳೆ ಸಾಲದೆ ಹೊಟ್ಟೆಗಿಲ್ಲದೆ ಒಣಗಿದರು. 1948ರಲ್ಲಿ ಕಿಲಿ ದ್ವೀಪಕ್ಕೆ. ಕಿಲಿಯಲ್ಲಿ ಲಗೂನೇ ಇಲ್ಲ, ಅಂದರೆ ಹವಳದ ದಂಡೆಯ ಒಳಗಿನ ಶಾಂತ ಕಡಲನೀರು. ಅಲೆ ಜೋರಾದರೆ ದೋಣಿ ಇಳಿಸುವ ಹಾಗಿಲ್ಲ. ಲಗೂನಿನಲ್ಲಿ ಮೀನು ಹಿಡಿದು ಬದುಕಿದವರಿಗೆ ಅದು ಸೆರೆಮನೆ.

1968ರಲ್ಲಿ ಅಧ್ಯಕ್ಷ ಜಾನ್ಸನ್ ಬಿಕಿನಿ ಈಗ ಸುರಕ್ಷಿತ ಅಂತ ಘೋಷಿಸಿದರು. ಕಸ ತೆಗೆದು ಹೊಸದಾಗಿ ತೆಂಗು ನೆಟ್ಟರು. ತೋಟದಮನೆಯವರು ನೋಡಿದ ಸಾಲು ಮರಗಳು ಆ ಕಾಲದವೇ ಇರಬೇಕು. ಎಪ್ಪತ್ತರ ದಶಕದ ಮೊದಲಿಗೆ ಕೆಲವು ಕುಟುಂಬ ವಾಪಸ್ ಹೋದವು. ಮರ ಫಲಕ್ಕೆ ಬಂತು, ಜನ ತಿಂದರು. ತಿನ್ನದೆ ಇನ್ನೇನು! ಅವರ ಮೈಯಲ್ಲಿ ಸೀಸಿಯಂ ಏರುತ್ತಾ ಹೋಯಿತು. ಜನ ದಿನಕ್ಕೆ ಎಷ್ಟು ತೆಂಗು ತಿನ್ನುತ್ತಾರೆ ಅನ್ನುವ ಸರ್ಕಾರದ ಅಂದಾಜೇ ತೀರ ಕಡಿಮೆಯಾಗಿತ್ತು. 1978ರಲ್ಲಿ ಮತ್ತೆ ಎಲ್ಲರನ್ನೂ ಹಡಗು ಹತ್ತಿಸಿದರು.

ರೊಂಗೆಲಾಪ್ ಕಥೆಯೂ ಬೇರೆ ಅಲ್ಲ. 1957ರಲ್ಲೇ ಅವರನ್ನು ವಾಪಸ್ ಕರೆತಂದರು. ವರ್ಷ ವರ್ಷ ವೈದ್ಯರು ಬಂದು ರಕ್ತ ತೆಗೆದುಕೊಂಡು ಹೋಗುತ್ತಿದ್ದರು. ಥೈರಾಯ್ಡ್ ಗಂಟುಗಳು ಕಾಣಿಸಿಕೊಂಡವು, ಮಕ್ಕಳಾಗಿದ್ದಾಗ ಪುಡಿಯಲ್ಲಿ ಆಡಿದವರಿಗೇ ಹೆಚ್ಚು. ಕೊನೆಗೆ 1985ರಲ್ಲಿ ಅವರೇ ಊರು ಬಿಡುವ ನಿರ್ಧಾರ ಮಾಡಿದರು. ಸರ್ಕಾರದ ಸಹಾಯ ಸಿಗಲಿಲ್ಲ, ಗ್ರೀನ್‌ಪೀಸ್ ಅನ್ನುವ ಪರಿಸರ ಸಂಘಟನೆಯ ಹಡಗು ಬಂದು ಮನೆಯ ಹಲಗೆ ಸಮೇತ ಸಾಗಿಸಿತು.

ನೀವೇ ಹೇಳಿ. ಒಂದು ಸಲ ಸುರಕ್ಷಿತ ಅಂತ ಕರೆದು, ತಿನ್ನಿಸಿ, ಹೊರಗೆ ಹಾಕಿದವರು ಮತ್ತೆ ಬಂದು ಈ ಸಲ ಪೊಟ್ಯಾಷ್ ಹಾಕಿದ್ದೇವೆ ಬನ್ನಿ ಅಂದರೆ ನೀವು ಮಕ್ಕಳನ್ನು ಕರೆದುಕೊಂಡು ಹೋಗುತ್ತೀರಾ?

ಸುಮಾ ಎಂ
ಹೊರಗಿಂದ ನೋಡುವ ನಮಗೆ ಇದು ಬೆಕ್ಕೆರೆಲ್, ಮಿಲಿಸೀವರ್ಟ್ ಅಂತ ವಿಕಿರಣ ಅಳೆಯುವ ಲೆಕ್ಕ. ಅವರಿಗೆ ಯಾರ ಮಾತು ನಂಬಬೇಕು ಅನ್ನುವ ಪ್ರಶ್ನೆ. ಪೊಟ್ಯಾಷನ್ನು ಮತ್ತೆ ಮತ್ತೆ ಹಾಕುತ್ತಿರಬೇಕು, ಅಳೆಯುತ್ತಿರಬೇಕು. ಹಡಗು ಬರದಿದ್ದರೆ? ದುಡ್ಡು ನಿಂತರೆ? ಅದೆಲ್ಲ ಯಾರ ಕೈಯಲ್ಲಿದೆ?

ಲೆಕ್ಕಪಕ್ಕಾ
ಒಪ್ಪಿದೆ. 1978ರದ್ದು ನನಗೆ ಗೊತ್ತಿರಲಿಲ್ಲ. ಪರಿಹಾರ ಕೊಟ್ಟಿಲ್ಲವಾ?

ಕಡಲತಡಿ ವಕೀಲ
1986ರಲ್ಲಿ ಜಾರಿಗೆ ಬಂದ ಒಪ್ಪಂದದಲ್ಲಿ ಅಮೆರಿಕ 15 ಕೋಟಿ ಡಾಲರ್ ಕೊಟ್ಟಿತು, ಪೂರ್ತಿ ಇತ್ಯರ್ಥ ಅಂತ ಬರೆಸಿಕೊಂಡಿತು. ಆ ಹಣದ ಮೇಲೆ ಒಂದು ಪರಿಹಾರ ನ್ಯಾಯಮಂಡಳಿ ಆಯಿತು. ಅದು 2001ರಲ್ಲಿ ಬಿಕಿನಿಯವರಿಗೆ 56 ಕೋಟಿ ಡಾಲರಿಗೂ ಹೆಚ್ಚು ಕೊಡಬೇಕು ಅಂದಿತು. ತೀರ್ಪು ಇದೆ, ಪೆಟ್ಟಿಗೆಯಲ್ಲಿ ದುಡ್ಡಿಲ್ಲ. ನಮ್ಮ ಕೋರ್ಟುಗಳಲ್ಲಿ ಡಿಕ್ರಿ ಹಿಡಿದು ಅಲೆಯುವವರ ಹಾಗೆ.

ನಮಗೂ ಒಂದು ಕೊಂಡಿ ಇದೆ. 2014ರಲ್ಲಿ ಮಾರ್ಷಲ್ ದ್ವೀಪಗಳೆಂಬ ಈ ಪುಟ್ಟ ದೇಶ ಒಂಬತ್ತು ಅಣ್ವಸ್ತ್ರ ದೇಶಗಳ ಮೇಲೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು, ನಿಶ್ಶಸ್ತ್ರೀಕರಣದ ಮಾತುಕತೆ ನಡೆಸುತ್ತಿಲ್ಲ ಅಂತ. ಮುಂದಕ್ಕೆ ನಡೆದದ್ದು ಭಾರತ, ಪಾಕಿಸ್ತಾನ, ಬ್ರಿಟನ್ ಮೇಲಿನದ್ದು ಮಾತ್ರ. 2016ರ ಅಕ್ಟೋಬರ್ 5ರಂದು ಭಾರತದ ವಿಷಯದಲ್ಲಿ 9–7 ಮತಗಳಿಂದ, ಇಲ್ಲಿ ವ್ಯಾಜ್ಯವೇ ಹುಟ್ಟಿಲ್ಲ, ನಮಗೆ ಅಧಿಕಾರ ಇಲ್ಲ ಅಂತ ಮುಗಿಸಿದರು.

ಮೆಟ್ರೋ ಮಂಜ
ನಮ್ಮ ಮೇಲೆ ಯಾಕೆ? ಬಾಂಬ್ ಹಾಕಿದ್ದು ಅಮೆರಿಕ! ಇವರಿಗೆ ಧೈರ್ಯ ಇದ್ದರೆ ಅವರ ಮೇಲೆ ಹಾಕಲಿ.

ಕಡಲತಡಿ ವಕೀಲ
ಹಾಕಿದ್ದರು ಮಾರಾಯ. ಒಂಬತ್ತರಲ್ಲಿ ಅಮೆರಿಕವೂ ಒಂದು. ಆ ನ್ಯಾಯಾಲಯದ ಅಧಿಕಾರವನ್ನು ಮೊದಲೇ ಒಪ್ಪಿಕೊಂಡಿದ್ದ ಮೂರು ದೇಶಗಳ ಕೇಸು ಮಾತ್ರ ವಿಚಾರಣೆಗೆ ಬಂತು.

ನಿರ್ವಾಹಕ
ದೇಶಭಕ್ತಿಯ ಚರ್ಚೆಗೆ ಬೇರೆ ಎಳೆ ಇದೆ. ಇಲ್ಲಿ ಮಣ್ಣು, ಬೆಳೆ ಮಾತ್ರ. ಕೈಗಾ ಬಗ್ಗೆ ಬಂದಿದ್ದ ನಾಲ್ಕು ಪೋಸ್ಟುಗಳನ್ನು ಅಲ್ಲಿಗೆ ಸರಿಸಿದ್ದೇನೆ.

ಮೆಟ್ರೋ ಮಂಜ
ಸರಿ ಸರಿ. ಮೇಷ್ಟ್ರು ತೆಗೆದ ಮಣ್ಣು ಎಲ್ಲಿ ಹಾಕುತ್ತೀರಿ ಅಂದಿದ್ದರು. ಎಲ್ಲಿ ಹಾಕಿದರು?

ಸುಮಾ ಎಂ
ಎನೆವೆಟಕ್‌ನದ್ದು ನೋಡು. ಅಲ್ಲಿ ರುನಿಟ್ ಅನ್ನುವ ಚಿಕ್ಕ ದ್ವೀಪದಲ್ಲಿ 1958ರ ಒಂದು ಬಾಂಬ್ ಗುಂಡಿ ತೋಡಿತ್ತು. 1977ರಿಂದ 1980ರವರೆಗೆ ಸುಮಾರು 4,000 ಸೈನಿಕರು ಬೇರೆ ದ್ವೀಪಗಳ ಕಲುಷಿತ ಮಣ್ಣು ಕೆರೆದು ತಂದು ಆ ಗುಂಡಿಗೆ ಸುರಿದರು. ಸುಮಾರು 73,000 ಘನ ಮೀಟರ್. ಮೇಲೆ ಒಂದೂವರೆ ಅಡಿ ದಪ್ಪದ ಕಾಂಕ್ರೀಟ್ ಗುಮ್ಮಟ. ಕೆಳಗೆ ಏನೂ ಹಾಸಿಲ್ಲ! ಹವಳದ ನೆಲ ಜರಡಿ ಇದ್ದ ಹಾಗೆ, ಸಮುದ್ರದ ನೀರು ಒಳಗೆ ಓಡಾಡುತ್ತದೆ. ಗುಮ್ಮಟ ಬಿರುಕು ಬಿಟ್ಟಿದೆ ಅಂತ ಸುದ್ದಿ ಬರುತ್ತಿರುತ್ತದೆ. ಆದರೆ ಗುಮ್ಮಟದೊಳಗೆ ಇರುವುದಕ್ಕಿಂತ ಎಷ್ಟೋ ಪಾಲು ಜಾಸ್ತಿ ಪ್ಲುಟೋನಿಯಂ ಹೊರಗೆ ಲಗೂನಿನ ತಳದ ಕೆಸರಿನಲ್ಲೇ ಇದೆ. ಫೋಟೋದಲ್ಲಿ ಗುಮ್ಮಟ ಕಾಣುತ್ತದೆ, ಕೆಸರು ಕಾಣುವುದಿಲ್ಲ, ಅಷ್ಟೇ.

ಪ್ಲುಟೋನಿಯಂ-239 ಅರ್ಧವಾಗಲು 24,000 ವರ್ಷ ಬೇಕು.

ತೋಟದಮನೆ (ಪುತ್ತೂರು)
ಎಲ್ಲರಿಗೂ ಉಪಕಾರ. ಮಗಳು ಎಲ್ಲವನ್ನೂ ಬರೆದುಕೊಂಡಳು. ಅವಳ ಪ್ರಾಜೆಕ್ಟು 20 ಪುಟ ಆಯಿತು, ಮೇಡಂ ಹತ್ತೇ ಪುಟ ಕೇಳಿದ್ದರಂತೆ.

ನನ್ನದು ಒಂದು ಕಡೆಯ ಪ್ರಶ್ನೆ ಅನಂತು ಅವರಿಗೆ. ಅವರು ಜೀಗುಜ್ಜೆಯನ್ನು ಹೇಗೆ ತಿನ್ನುತ್ತಾರೆ? ನಮ್ಮಲ್ಲಿ ಪೋಡಿ, ಸಾಂಬಾರು, ಪಲ್ಯ.

ಅನಂತು (ಅರ್ಕಾನ್ಸಾ)
ಕೆಂಡದ ಮೇಲೆ ಇಡೀ ಕಾಯಿ ಸುಟ್ಟು, ಕರಿ ಸಿಪ್ಪೆ ಕೆರೆದು ತಿನ್ನುತ್ತಾರೆ. ಜಾಸ್ತಿ ಬಂದಾಗ ಹುಳಿ ಬರಿಸಿ ಎಲೆಯಲ್ಲಿ ಸುತ್ತಿ ನೆಲದಲ್ಲಿ ಹೂತಿಟ್ಟು ತಿಂಗಳುಗಟ್ಟಲೆ ಉಳಿಸುತ್ತಾರೆ.

ನನ್ನ ಜೊತೆ ಕೆಲಸ ಮಾಡುವ ಒಬ್ಬಾಕೆಯ ಅಜ್ಜಿ ಉತ್ತರದ ದ್ವೀಪದವರು. ಇಲ್ಲಿನ ಚಳಿಯಲ್ಲಿ ಜೀಗುಜ್ಜೆ ಮರ ಬದುಕುವುದಿಲ್ಲ. ಅಂಗಡಿಯಲ್ಲಿ ಎಳನೀರಿನ ಡಬ್ಬಿ ಕಂಡರೆ ಅಜ್ಜಿ ಮೊದಲು ತಿರುಗಿಸಿ ಯಾವ ದೇಶದ್ದು ಅಂತ ಓದಿಸುತ್ತಿದ್ದರಂತೆ.

ತೋಟದಮನೆ (ಪುತ್ತೂರು)
ಸುಟ್ಟ ಜೀಗುಜ್ಜೆ! ಮಳೆ ನಿಲ್ಲಲಿ, ಒಂದು ಸುಟ್ಟು ನೋಡುತ್ತೇನೆ. ಮೇಷ್ಟ್ರೇ, ಈ ಸಲ ಮರಕ್ಕೆ 2 ಕಿಲೋ ಪೂರ್ತಿ ಹಾಕಿದೆ.